ಬೋರಲು ಎಲೆ

ಮಂಡಿ ಮಡಿಚಲಿಲ್ಲ. ಲಕ್ಷ್ಮಮ್ಮ ಬಿಸಿನೀರಿನಲ್ಲಿ ಅದ್ದಿದ ಟವಲನ್ನು ಮೂರನೇ ಸಲ ಹಿಂಡಿ, ಸರ್ವಮಂಗಳಮ್ಮನ ಮೊಣಕಾಲಿನ ಮೇಲೆ ಹಾಕಿ ಎರಡೂ ಅಂಗೈಯಿಂದ ಒತ್ತಿದಳು. ಕಾಲು ನೆಟ್ಟಗೇ ಇತ್ತು. ಹೆಣವನ್ನು ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಬೇಕು, ಕೂತ ಹಾಗೆಯೇ ಮಣ್ಣು ಮಾಡಬೇಕು. ಮಲಗಿಸಿ ಮಣ್ಣು ಮಾಡುವುದು ಈ ಮನೆತನದಲ್ಲಿ ಇಲ್ಲ. ನ್ಯಾಮತಿಯಿಂದ ಮಗಳು ಬರಲಿ ಎಂದು ಕಾದದ್ದರಲ್ಲಿ ಮೈ ಸೆಟೆದುಕೊಂಡುಬಿಟ್ಟಿತ್ತು.

"ಒಂದಿನ ಕುಂತಿದ್ದು ಕಾಣೆ ಈಯಮ್ಮನ್ನ," ಎಂದಳು ಪಕ್ಕದ ಮನೆಯ ಲಕ್ಷ್ಮಮ್ಮ. "ಈಗ ಕೂರಿಸಾಕೆ ಹೋದ್ರೆ ಒಲ್ಲೆ ಅಂತಾಳೆ."

ಒಂದಿಬ್ಬರು ಹೆಂಗಸರು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ನಕ್ಕೆವಲ್ಲ ಎಂದು ಆಮೇಲೆ ಅತ್ತರು.

ಮರುಳಪ್ಪ ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತು ನೋಡುತ್ತಿದ್ದ. ಅವನಿಗೆ ಎಪ್ಪತ್ತನಾಲ್ಕು, ಹೆಂಡತಿ ಸರ್ವಮಂಗಳಮ್ಮನಿಗೆ ಎಪ್ಪತ್ತು. ಬೆಳಗ್ಗೆ ಆರರ ಸುಮಾರಿಗೆ, ಮಡಿಲ ತುಂಬ ಸೊಪ್ಪು ಕಿತ್ತುಕೊಂಡು ಚಾನಲ್ ದಂಡೆಯ ಮೇಲೆ ಬರುತ್ತಿದ್ದವಳು ಎದೆ ಹಿಡಿದುಕೊಂಡು ಬಿದ್ದಳಂತೆ. ಗದ್ದೆಗೆ ನೀರು ಕಟ್ಟಲು ಹೋದವರು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದರು. ಟ್ರ್ಯಾಕ್ಟರ್ ಬಾಗಿಲಿಗೆ ಬಂದಾಗ ಅವನು ಕಾಫಿ ಬರಲಿಲ್ಲವೆಂದು ಸಿಟ್ಟು ಮಾಡಿಕೊಂಡು ಕೂತಿದ್ದ.

ಮಗಳು ಶಾಂತಲಾ ಅವ್ವನ ಕೈ ತೊಳೆಯುತ್ತಿದ್ದಳು. ಸೋಪು ಹಚ್ಚಿದಳು, ಸೀಗೆಪುಡಿ ಹಚ್ಚಿದಳು. ಉಗುರಿನ ಸಂದಿನ ಹಸಿರು ಹೋಗಲಿಲ್ಲ.

"ಇದೇನೇ ಶಾಂತಿ, ಇಷ್ಟು ಹಸಿರು? ಮದ್ದು ಅರೆಯೋರು ನಿಮ್ಮಪ್ಪಾರಲ್ವಾ?" ಎಂದಳು ಹೊನ್ನಾಳಿಯಿಂದ ಬಂದಿದ್ದ ನೆಂಟರಾಕೆ.

ಶಾಂತಲಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಮರುಳಪ್ಪ ಬಾಗಿಲ ಕಡೆ ನೋಡಿದ.

"ಎಮ್ಮೆಗೆ ಹುಲ್ಲು ಕೊಯ್ದು ಕೊಯ್ದು ಕಣಮ್ಮ," ಎಂದು ಲಕ್ಷ್ಮಮ್ಮ ಉತ್ತರ ಕೊಟ್ಟುಬಿಟ್ಟಳು. ಶಾಂತಲಾ ಮತ್ತೆ ತೊಳೆಯತೊಡಗಿದಳು.

ಹೊರಗೆ ಜಗುಲಿಯ ಮೇಲೆ ಗಂಡಸರ ಮಾತು ನಡೆದಿತ್ತು. ಗುಂಡಿಯನ್ನು ಜೆಸಿಬಿಯಲ್ಲಿ ತೋಡಿಸುವುದೋ ಆಳು ಹಚ್ಚುವುದೋ ಎಂದು ಮಗ ಸಿದ್ದಲಿಂಗೇಶ್ ಫೋನಿನಲ್ಲಿ ಕೇಳುತ್ತಿದ್ದ. ಅವನದು ಚನ್ನಗಿರಿಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಉಳಿದವರು ಮರುಳಪ್ಪನ ಕೈಗುಣದ ಮಾತಾಡುತ್ತಿದ್ದರು.

"ನನ್ನ ಮೈದುನನ್ನ ದೊಡ್ಡ ಡಾಕ್ಟ್ರೇ ಕೈಬಿಟ್ಟಿದ್ರು," ಎನ್ನುತ್ತಿದ್ದ ಕತ್ತಲಗೆರೆಯ ನಿಂಗರಾಜ್. "ಮೈಯೆಲ್ಲ ಅರಿಶಿನ ಬಳ್ದಂಗೆ. ಮರುಳಪ್ಪಾರ ಮೂರು ಉಂಡೆ, ಅಷ್ಟೇ. ಈಗ ಎರಡು ಮಕ್ಳು ಆಗ್ಯಾವೆ." ಅವನು ಒಳಕ್ಕೆ ಬಗ್ಗಿ ನೋಡಿ ದನಿ ಏರಿಸಿದ. "ಯಜಮಾನ್ರೆ, ಗಟ್ಟಿಯಾಗಿರ್ರಿ. ನೀವು ಕುಸಿದ್ರೆ ಈ ಸೀಮೆ ಜನ ಎಲ್ಲಿಗೆ ಹೋಗ್ಬೇಕು?"

ಮರುಳಪ್ಪ ತಲೆಯಾಡಿಸಿದ. ಐವತ್ತು ವರ್ಷದಿಂದ ಇಂಥ ಮಾತಿಗೆ ಹಾಗೆಯೇ ಆಡಿಸಿ ರೂಢಿಯಾಗಿತ್ತು.

*

ಮದ್ದು ಅವನ ಅಪ್ಪನದು. ಕಾಮಾಲೆಗೆ. ಭಾನುವಾರ, ಗುರುವಾರ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬರಬೇಕು. ಅಡಿಕೆ ಗಾತ್ರದ ಒಂದು ಉಂಡೆ ಅಲ್ಲೇ ನುಂಗಿ ಮಜ್ಜಿಗೆ ಕುಡಿಯಬೇಕು, ಎರಡನ್ನು ಎಲೆಯಲ್ಲಿ ಕಟ್ಟಿಕೊಂಡು ಹೋಗಬೇಕು. ದುಡ್ಡು ಮುಟ್ಟುವ ಹಾಗಿಲ್ಲ, ಸೊಪ್ಪಿನ ಹೆಸರು ಹೇಳುವ ಹಾಗಿಲ್ಲ, ಗಂಡಸಿನ ಕೈಯಿಂದಲೇ ಕೊಡಬೇಕು.

ಸೊಪ್ಪೇನು ಎಲ್ಲೂ ಸಿಗದ್ದಲ್ಲ. ನೆಲನೆಲ್ಲಿ. ಗದ್ದೆ ಬದು, ಚಾನಲ್ ದಂಡೆ, ಶಾಲೆಯ ಹಿಂದುಗಡೆ, ಒಂದು ಮಳೆ ಬಿದ್ದರೆ ಎಲ್ಲೆಂದರಲ್ಲಿ ಏಳುವ ಗೇಣುದ್ದದ ಕಳೆ. ನೆಲ್ಲಿ ಎಲೆಯಂಥ ಪುಟ್ಟ ಎಲೆ, ಎಲೆಕಡ್ಡಿಯ ಅಡಿಗೆ ಸಾಸಿವೆಗಿಂತ ಚೂರು ದಪ್ಪನೆಯ ಕಾಯಿ ಸಾಲಾಗಿ ನೇತುಬಿದ್ದಿರುತ್ತವೆ. ಆದರೆ ಅದರ ಮಗ್ಗುಲಲ್ಲೇ ಅದರಂಥದೇ ಇನ್ನೊಂದು ಬೆಳೆಯುತ್ತದೆ; ದಂಟು ಕೆಂಪಗೆ, ಕಾಯಿ ಕಡ್ಡಿಗೇ ಅಂಟಿಕೊಂಡ ಹಾಗೆ. ಅಪ್ಪ ಮದ್ದಿಗೆ ಅದನ್ನು ಮುಟ್ಟುತ್ತಿರಲಿಲ್ಲ.

ಮರುಳಪ್ಪನಿಗೆ ಕಲಿಸಲು ಅಪ್ಪ ಒಂದು ಮಳೆಗಾಲ ಪೂರ್ತಿ ಹೆಣಗಿದ. ಇವನು ಕಿತ್ತು ತಂದದ್ದರಲ್ಲಿ ಅದೂ ಇರುತ್ತಿತ್ತು, ಇದೂ ಇರುತ್ತಿತ್ತು, ಎರಡೂ ಅಲ್ಲದ ಮತ್ತೊಂದೂ ಇರುತ್ತಿತ್ತು. ಕಡೆಗೊಂದು ದಿನ ಅಪ್ಪ ಆ ಕಟ್ಟನ್ನು ಎಮ್ಮೆಯ ಮುಂದೆ ಎಸೆದು, "ನಿನ್ನ ಕಣ್ಣಿಗೆ ಜನ ಕಾಣ್ತಾರೆ, ಸೊಪ್ಪು ಕಾಣಲ್ಲ ಕಣೋ," ಎಂದ. ಮಾರನೆಯ ಬೆಳಗ್ಗೆ ಹೊಸ ಸೊಸೆಯನ್ನು ಕರೆದುಕೊಂಡು ಹೋದ. ಹದಿನೆಂಟರ ಸರ್ವಮಂಗಳ ಹದಿನೈದೇ ದಿನಕ್ಕೆ, ಇನ್ನೂ ಮುಖ ಕಾಣದ ಮಬ್ಬಿನಲ್ಲಿ, ಎಲೆಯ ಅಡಿಗೆ ಬೆರಳಾಡಿಸಿಯೇ ಇದು ಹೌದು, ಇದು ಅಲ್ಲ ಎನ್ನುವಂತಾದಳು.

ಹಾಗೆ ಮನೆಯಲ್ಲಿ ಒಂದು ಏರ್ಪಾಡಾಯಿತು. ಕಿತ್ತು, ಆರಿಸಿ, ಅರೆಯುವವಳು ಅವಳು. ಜಗುಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತು ಕೊಡುವವನು ಇವನು. ಊರಿಗೆ ಕಂಡದ್ದು ಕೊಟ್ಟ ಕೈ.

ಅರೆಯುವುದು ದೊಡ್ಡ ಕೆಲಸವಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೇ ದೊಡ್ಡದು ಎಂದು ಮಾವ ಅವಳಿಗೆ ಹೇಳಿಕೊಟ್ಟಿದ್ದ. ಬಂದವರನ್ನು ಅವಳು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಕಣ್ಣು, ಉಗುರು, ಹೊಟ್ಟೆ ಉಬ್ಬಿದೆಯೋ, ಮಾತು ತೊದಲುತ್ತದೋ, ಕೂತಲ್ಲೇ ತೂಕಡಿಸುತ್ತಾರೋ. ನೋಡಿ, ಮುತ್ತುಗದ ಎಲೆಯಲ್ಲಿ ಉಂಡೆಯಿಟ್ಟು ಕಳಿಸಿದರೆ ಕೊಡಬಹುದು. ಏನೂ ಇಲ್ಲದೆ ಬರಿ ಎಲೆಯನ್ನು ತಟ್ಟೆಯಲ್ಲಿ ಬೋರಲು ಹಾಕಿ ಕಳಿಸಿದರೆ, ಇದು ನಮ್ಮಿಂದ ಆಗುವುದಲ್ಲ, ಆಸ್ಪತ್ರೆಗೆ ಕಳಿಸಿ ಎಂದರ್ಥ. ಆಗ ಮರುಳಪ್ಪ ಕಣ್ಣು ಮುಚ್ಚಿ ಒಂದು ಗಳಿಗೆ ಕೂತು, "ನಿಮ್ಮ ಯೋಗ ಇಲ್ಲಿಲ್ಲ, ದಾವಣಗೆರೆಗೆ ಹೋಗ್ರಿ," ಎನ್ನುತ್ತಿದ್ದ. ಜನ ಕೈಮುಗಿದು ಹೋಗುತ್ತಿದ್ದರು. ಅವನ ಹೆಸರು ಉಳಿದದ್ದು ಉಂಡೆಗಿಂತ ಹೆಚ್ಚಾಗಿ ಆ ಬೋರಲು ಎಲೆಯಿಂದ.

ಹಿತ್ತಲ ಬಾಗಿಲಲ್ಲಿ ಅವಳದೇ ಬೇರೆ ಕೊಡುವಿಕೆ ಇತ್ತು. ಬಾಯಿ ಹುಣ್ಣಾದವರಿಗೆ ಅದೇ ಸೊಪ್ಪು ಅಗಿಯಲು, ಮಕ್ಕಳ ಕಜ್ಜಿಗೆ ಉಪ್ಪು ಹಾಕಿ ಅರೆದು ಹಚ್ಚಲು, ಮೆಲುಕು ಬಿಟ್ಟ ದನಕ್ಕೆ ಮಜ್ಜಿಗೆಯಲ್ಲಿ ಕದಡಿ ಬಿದಿರ ಗೊಟ್ಟದಲ್ಲಿ ಹೊಯ್ಯಲು, ಬೇಸಿಗೆಯಲ್ಲಿ ಮೈಗೆ ತಂಪಾಗಲೆಂದು ತಂಬುಳಿಗೆ. ಅದಕ್ಕೆ ಯಾವ ಗಂಡಸಿನ ಕೈಯೂ ಬೇಕಿರಲಿಲ್ಲ. ಹೆಂಗಸರು ಬಂದು ಒಯ್ಯುತ್ತಿದ್ದರು, ಎರಡು ಮಾತಾಡಿ ನಗುತ್ತಿದ್ದರು. ಆ ಬಾಗಿಲಿಗೆ ಜನ ಬರುವುದು ನಿಂತು ಮೂವತ್ತಾರು ವರ್ಷವಾಯಿತು.

*

ಅಂತೂ ಕಾಲು ಮಡಿಚಿ ಕೂರಿಸಿದ್ದರು. ಹಣೆ ತುಂಬ ವಿಭೂತಿ ಬಳಿದು, ಗದ್ದ ಕಟ್ಟಿ, ಗೂಟಕ್ಕೆ ಬಿಗಿದ ಬಿಳಿ ಬಟ್ಟೆಯಿಂದ ತಲೆ ನಿಲ್ಲಿಸಿದ್ದರು. ಭಜನೆಯವರು ತಾಳ ತೆಗೆದಿದ್ದರು. ಆಗ ಆಟೋ ಬಂದು ನಿಂತಿತು. ಇಳಿದವಳು ನಲ್ಲೂರಿನ ಅಜ್ಜಮ್ಮ. ಎಂಬತ್ತೆರಡರ ಮುದುಕಿ, ಕೋಲೂರಿಕೊಂಡು ಮೆಟ್ಟಿಲು ಹತ್ತಿದಳು. ಭಜನೆ ತಾನಾಗಿ ನಿಂತಿತು. ಆಕೆ ಈ ಮನೆಯ ಹೊಸಿಲು ತುಳಿಯದವಳು, ಈ ಮನೆಯ ನೀರು ಕುಡಿಯದವಳು ಎಂದು ಎಲ್ಲರಿಗೂ ಗೊತ್ತಿತ್ತು.

ಅಜ್ಜಮ್ಮ ಹೆಣದ ಮುಂದೆ ಬಂದು ನಿಂತಳು.

"ಮರುಳಪ್ಪ."

"ಹೂಂ ಅಜ್ಜಮ್ಮಾರೆ."

"ನಾನೂ ಇವತ್ತೋ ನಾಳೆಯೋ ಹೋಗೋಳು. ಹೊಟ್ಟೆಯಾಗೆ ಇಟ್ಕಂಡು ಹೋಗಬಾರ್ದು ಅಂತ ಬಂದೆ. ನಿನ್ನ ಹೆಂಡ್ತಿನ ಮನ್ನಿಸೀನಿ. ಗೊತ್ತಿದ್ದು ಮಾಡಿರಲ್ಲ ಬಿಡು, ಹೆಣ್ಣಿನ ಜನ್ಮ, ಮೈಮೇಲೆ ಎಚ್ಚರ ಇರಲಿಲ್ಲ. ನನ್ನ ಮಗಳು ಹೋದ್ಲು."

ಹೆಂಗಸರು ಕಣ್ಣೊರೆಸಿಕೊಂಡರು. "ದೊಡ್ಡ ಮನಸ್ಸು," ಎಂದರು ಯಾರೋ. ಶಾಂತಲಾ ಎದ್ದು ಒಳಗೆ ಹೋದಳು. ಮರುಳಪ್ಪನ ತಲೆ ಮಾತ್ರ ಈ ಸಲ ಆಡಲಿಲ್ಲ.

*

ಮೂವತ್ತಾರು ವರ್ಷದ ಹಿಂದಿನ ಒಂದು ಗುರುವಾರ. ಅಜ್ಜಮ್ಮನ ಗಂಡ, ಛೇರ್ಮನ್ ಮಲ್ಲೇಶಪ್ಪ, ಜೀಪಿನಲ್ಲಿ ಬಂದಿದ್ದರು. ಹಿಂದಿನ ಸೀಟಿನಲ್ಲಿ ಮಗಳು ಅನ್ನಪೂರ್ಣ, ಇಪ್ಪತ್ತು ವರ್ಷ, ಏಳು ತಿಂಗಳ ಬಸುರಿ, ಕಣ್ಣು ಅರಿಶಿನ. ಆಸ್ಪತ್ರೆಗೆ ಹೊರಟಿದ್ದವರು, ಮರುಳಪ್ಪನ ಹೆಸರು ಕೇಳಿ ಜೀಪು ತಿರುಗಿಸಿಕೊಂಡು ಬಂದವರು. ಜೀಪಿನ ಸುತ್ತ ಊರೇ ನೆರೆದಿತ್ತು. ಅಂಥ ಮನುಷ್ಯ ತನ್ನ ಜಗುಲಿಯ ಮುಂದೆ ಕೈಮುಗಿದು ನಿಂತದ್ದನ್ನು ಮರುಳಪ್ಪ ಅದೇ ಮೊದಲು ಕಂಡದ್ದು.

ತಟ್ಟೆ ಬಂತು. ಎಲೆ ಬೋರಲಾಗಿತ್ತು.

ಅವನು ಎದ್ದು ಒಳಗೆ ಹೋದ.

"ಬ್ಯಾಡ ರೀ," ಎಂದಳು ಸರ್ವಮಂಗಳ. "ಆ ಹುಡುಗಿ ತೂಕಡಿಸ್ತಾ ಐತೆ. ಕರೆದ್ರೆ ತಿರುಗಿ ನೋಡವಲ್ದು. ಬಸುರಿ ಬೇರೆ. ಈಗಲೇ ಕಳಿಸ್ರಿ, ದಾವಣಗೆರೆ ಮುಟ್ಟಲಿ."

"ಹೊರಗೆ ಛೇರ್ಮನ್ ನಿಂತಾರೆ."

"ಯಾರಾದ್ರೂ ನಿಂತಿರಲಿ."

ಅರೆಯುವ ಕಲ್ಲಿನ ಪಕ್ಕ ಬೇರೆಯವರಿಗೆಂದು ಮಾಡಿಟ್ಟ ಉಂಡೆಗಳಿದ್ದವು. ಮೂರನ್ನು ತೆಗೆದುಕೊಂಡು ಹೋಗಿ ಕೊಟ್ಟ. ಮಲ್ಲೇಶಪ್ಪನವರು ಜೀಪನ್ನು ನಲ್ಲೂರಿಗೇ ತಿರುಗಿಸಿದರು. ಐದನೆಯ ದಿನಕ್ಕೆ ಹುಡುಗಿ ಸತ್ತಳು.

ಅಜ್ಜಮ್ಮ ಕೂದಲು ಬಿಚ್ಚಿಕೊಂಡು ಬಂದು ಅಂಗಳದಲ್ಲಿ ಕೂತಳು. ಊರ ಹಿರಿಯರು ಸೇರಿದರು. ಇಷ್ಟು ವರ್ಷ ತಪ್ಪದ ಮದ್ದು ಈಗೇಕೆ ತಪ್ಪಿತು ಎಂದು ಕೇಳಿದರು. ಒಬ್ಬ ಹಿರಿಯ ತಾನೇ ದಾರಿ ತೋರಿಸಿದ: "ಮನ್ಯಾಗೆ ಏನಾದ್ರೂ ಮೈಲಿಗೆ ಆಗಿತ್ತೇನಪ್ಪ?"

"ಆಕೆ ಹೊರಗಾಗಿದ್ಲು," ಎಂದ ಮರುಳಪ್ಪ. "ನನಗೆ ಹೇಳದೆ ಕಲ್ಲು ಮುಟ್ಟಿಬಿಟ್ಟಾಳೆ."

ಬಾಗಿಲ ಸಂದಿಯ ಹಿಂದೆ ಅವಳಿದ್ದಳು. ಹೊರಗೆ ಬರಲಿಲ್ಲ. ಆ ಸಂಜೆ ಅನ್ನದ ಪಾತ್ರೆ ಹಿಡಿದು ಅವನ ಮುಂದೆ ನಿಂತು ಒಂದೇ ಒಂದು ಮಾತು ಕೇಳಿದಳು: "ಇಕ್ಕಲಾ? ಹೊರಗಾದೋಳ ಕೈಯಿಂದು ನಡೀತದಾ?" ಅವನು ತಟ್ಟೆ ಮುಂದಕ್ಕೆ ಸರಿಸಿದ. ಅವಳು ಇಕ್ಕಿದಳು.

ಆಮೇಲೆ ಹಿತ್ತಲ ಬಾಗಿಲಿಗೆ ಹೆಂಗಸರು ಬರಲಿಲ್ಲ. ತೊಟ್ಟಿಲಿಗೆ, ಸೀಮಂತಕ್ಕೆ, ಆರತಿಗೆ ಅವಳನ್ನು ಕರೆಯಲಿಲ್ಲ. ಮದ್ದಿನ ಕಲ್ಲನ್ನು ಮುಟ್ಟಕೂಡದೆಂದು ಹಿರಿಯರು ಕಟ್ಟು ಮಾಡಿದರು. ಅವಳು ಕೊಟ್ಟಿಗೆಯಲ್ಲಿ ಬೇರೆ ಕಲ್ಲು ಹಾಕಿಕೊಂಡು, ಎಮ್ಮೆಗಳ ನಡುವೆ ಕೂತು ಅರೆದಳು. ಮರುಳಪ್ಪನೇ ಅರೆಯುತ್ತಾನೆಂದು ಊರು ನಂಬಿತು. ಒಂದು ಗುರುವಾರವೂ ತಟ್ಟೆ ತಪ್ಪಲಿಲ್ಲ. ಈಚೆಗೆ ಮಗನ ಅಂಗಡಿಯ ಕಳೆ ಔಷಧಿ ಹೊಡೆದು ಬದುಗಳೆಲ್ಲ ಕರಕಾದ ಮೇಲೆ, ಸೊಪ್ಪು ಹುಡುಕಿಕೊಂಡು ಸೂಳೆಕೆರೆಯ ಏರಿಯವರೆಗೂ ನಡೆದು ಹೋಗುತ್ತಿದ್ದಳು. ಒಂದು ಮೊಪೆಡ್ಡಿನಲ್ಲಾದರೂ ಬಿಟ್ಟು ಬರೋಣವೆಂದು ಅಪ್ಪನಿಗೂ ಮಗನಿಗೂ ತೋಚಲಿಲ್ಲ.

*

ಹೂವು ಕಟ್ಟಿದ, ಹೆಣ ಹೊರುವ ವಿಮಾನವನ್ನು ಬಾಗಿಲಿಗೆ ತಂದಿಟ್ಟಿದ್ದರು. ಅವಳನ್ನು ಎತ್ತಿ ಅದರಲ್ಲಿ ಕೂರಿಸಬೇಕೆನ್ನುವಾಗ ಜನರ ನಡುವೆ ಜಾಗ ಮಾಡಿಕೊಂಡು ಒಂದು ಕಾರು ಬಂತು. ಇಳಿದವನು ನಡುವಯಸ್ಸಿನ ರೈತ. ಹೆಣ ಕಂಡು ತಬ್ಬಿಬ್ಬಾಗಿ ನಿಂತ.

"ತಿಪ್ಪೇರುದ್ರ ಅಂತ. ಜಗಳೂರು ಕಡೆಯೋರು," ಎಂದ. "ಗೊತ್ತಿರಲಿಲ್ಲ ಯಜಮಾನ್ರೆ, ತಪ್ಪು ತಿಳೀಬ್ಯಾಡ್ರಿ. ಇವತ್ತು ಗುರುವಾರ ಅಂತ ಬಂದ್ವಿ, ದೂರದ ದಾರಿ, ಹೊತ್ತಾಗಿಬಿಡ್ತು. ಮಗಳು ರಮ್ಯಶ್ರೀ. ಕಾಮಾಲೆ ಆಗೈತೆ, ಹೊಟ್ಟೆಯಾಗೆ ಐದು ತಿಂಗಳು."

ಹುಡುಗಿ ಕಾರಿನ ಬಾಗಿಲಿಗೆ ಒರಗಿದ್ದಳು. ಕಣ್ಣು ತೆರೆದಿತ್ತು, ನೋಡುತ್ತಿದ್ದಳೋ ಇಲ್ಲವೋ ಮರುಳಪ್ಪನಿಗೆ ತಿಳಿಯಲಿಲ್ಲ.

"ಹೆಣ ಮನ್ಯಾಗಿರುವಾಗ ಮದ್ದು ಕೊಡಬೋದೇನ್ರಿ ಅಯ್ನೋರೆ?" ಎಂದು ನಿಂಗರಾಜ್ ಕೇಳಿದ.

ಕ್ರಿಯೆ ನಡೆಸಲು ಬಂದಿದ್ದ ಅಯ್ಯನವರು ಬಿಲ್ವಪತ್ರೆ ಬಿಡಿಸುತ್ತ ಕೂತಿದ್ದರು. "ಲಿಂಗ ಕಟ್ಟಿದ ಮನೆಗೆ ಯಾವ ಸೂತಕನೂ ಇಲ್ಲಪ್ಪ. ಸತ್ತ ಸೂತಕ ಇಲ್ಲ, ಹೆತ್ತ ಸೂತಕ ಇಲ್ಲ, ಮುಟ್ಟಿಂದೂ ಇಲ್ಲ. ಹಿಂದಿನಿಂದ ಹೇಳ್ಕಂಡು ಬಂದೀವಿ. ಕೊಡಬೋದು."

ಮೂವತ್ತಾರು ವರ್ಷದ ಹಿಂದೆ ಈ ಅಂಗಳದಲ್ಲಿ ಆ ಮಾತನ್ನು ಯಾರೂ ಹೇಳಿರಲಿಲ್ಲ.

"ಕೊಡು ಮರುಳಪ್ಪ," ಎಂದಳು ಅಜ್ಜಮ್ಮ, ಹುಡುಗಿಯನ್ನೇ ನೋಡುತ್ತ. "ಪಾಪ, ನನ್ನ ಅನ್ನಪೂರ್ಣನಂಗೇ ಅದಾಳೆ. ಈಗ ಮೈಲಿಗೆ ಮಾಡೋರು ಯಾರೂ ಇಲ್ಲ ನಿನ್ನ ಮನ್ಯಾಗೆ. ಹೆದರಬ್ಯಾಡ."

ಮರುಳಪ್ಪ ಎದ್ದು ಕೊಟ್ಟಿಗೆಗೆ ಹೋದ. ಶಾಂತಲಾ ಅಲ್ಲಿ ಕಲ್ಲಿನ ಮುಂದೆ ಕೂತಿದ್ದಳು. ಅವ್ವನ ಮಡಿಲಿನಿಂದ ಬಿಚ್ಚಿದ ಸೊಪ್ಪು ಚಾಪೆಯ ಮೇಲೆ ಬಾಡಿ ಬಿದ್ದಿತ್ತು. ಇನ್ನೂ ಆರಿಸಿರಲಿಲ್ಲ.

"ಯಾವುದೇ ಇದರಾಗೆ?" ಎಂದ ಮರುಳಪ್ಪ.

"ಐವತ್ತು ವರ್ಷ ಕೊಟ್ಟೀರಿ. ನನ್ನ ಕೇಳ್ತೀರಾ?"

ಶಾಂತಲಾ ಒಂದು ಗಿಡ ಎತ್ತಿ ಎಲೆ ಮಗುಚಿ ತೋರಿಸಿದಳು. "ಇದು. ಅವ್ವ ಬ್ಯಾಡ ಅಂದ್ರೂ ನೋಡಿ ಕಲ್ತೆ. ಅರೀ ಅಂದ್ರೆ ಅರೀತೀನಿ. ಆದ್ರೆ ಕೊಡಬೇಕೋ ಬ್ಯಾಡೋ ಅಂತ ನನಗೆ ಗೊತ್ತಿಲ್ಲಪ್ಪ. ಅದು ಅವ್ವಗೆ ಗೊತ್ತಿತ್ತು. ಏನಂತೀರಿ, ಅರೀಲಾ?"

ಎಮ್ಮೆ ಉಸಿರು ಬಿಟ್ಟಿತು. ಹೊರಗೆ ಮುನ್ನೂರು ಜನ ಕಾಯುತ್ತಿದ್ದರು. ಉಂಡೆ ಕೊಟ್ಟರೆ ಹೆಸರು ಉಳಿಯುತ್ತದೆ. ಕಣ್ಣು ಮುಚ್ಚಿ ಕೂತು ಯೋಗವಿಲ್ಲ ಎಂದರೂ ಹೆಸರು ಉಳಿಯುತ್ತದೆ. ಎರಡರಲ್ಲಿ ಯಾವುದನ್ನು ಮಾಡಿದರೂ ಸರ್ವಮಂಗಳ ಮಾತ್ರ ಹೊರಗಾದವಳಾಗಿಯೇ ಗುಂಡಿಗೆ ಇಳಿಯುತ್ತಾಳೆ.

ಅವನು ಬರಿಗೈಯಲ್ಲಿ ಹೊರಗೆ ಬಂದ.

"ದಾವಣಗೆರೆಗೆ ಕರ್ಕಂಡು ಹೋಗಪ್ಪ," ಎಂದ. "ಈಗಲೇ. ಎಲ್ಲೂ ನಿಲ್ಲಿಸಬ್ಯಾಡ."

"ಯೋಗ ಇಲ್ಲ ಅಂತೀರಾ ಯಜಮಾನ್ರೆ?"

"ಯೋಗ ಗೀಗ ನನಗೇನು ಗೊತ್ತಿಲ್ಲ. ನನಗೆ ಸೊಪ್ಪೇ ಗೊತ್ತಿಲ್ಲ." ಅವನು ಹೆಣದ ಕಡೆ ಕೈ ತೋರಿಸಿದ. "ಕಿತ್ತೋಳು ಆಕೆ, ಅರೆದೋಳು ಆಕೆ, ನೋಡಿ ಹೇಳೋಳು ಆಕೆ. ನಾನು ಬರೀ ಕೈ ಚಾಚ್ದೋನು." ಅವನು ಅಜ್ಜಮ್ಮನ ಕಡೆ ತಿರುಗಿದ. "ಅವತ್ತು ಆಕೆ ಹೊರಗಾಗಿರಲಿಲ್ಲ ಅಜ್ಜಮ್ಮಾರೆ. ಕೊಡಬ್ಯಾಡ್ರಿ, ಆಸ್ಪತ್ರೆಗೆ ಕಳಿಸ್ರಿ ಅಂದ್ಲು. ಛೇರ್ಮನ್ರು ನಿಂತಾರಲ್ಲ ಅಂತ ನಾನೇ ಎತ್ಕಂಡು ಬಂದು ಕೊಟ್ಟೆ. ಆಮೇಲೆ ಆಕೆ ಮೇಲೆ ಹಾಕ್ದೆ."

ನಿಂಗರಾಜ್ ಮುಂದೆ ಬಂದು ಅವನ ಹೆಗಲು ಹಿಡಿದ.

"ಕೂತ್ಕಳ್ರಿ ಯಜಮಾನ್ರೆ. ನೀರು ಕೊಡ್ರಪ್ಪ ಯಾರಾದ್ರೂ. ಐವತ್ತು ವರ್ಷ ಬಾಳಿದ ಹೆಂಡ್ತಿ, ದುಃಖ ತಲೆಗೆ ಹತ್ತೈತೆ." ಆಮೇಲೆ ಜನರ ಕಡೆ ತಿರುಗಿ, "ನೋಡಿದ್ರಾ? ತನ್ನ ಪುಣ್ಯನೆಲ್ಲ ಸತ್ತೋಳ ಹೆಸರಿಗೆ ಬರೆದು, ಆಕೆ ತಪ್ಪನ್ನ ತನ್ನ ಮೇಲೆ ಎಳ್ಕಂಬಿಟ್ರು. ಎಂಥ ಮನುಷ್ಯ," ಎಂದ.

"ದೇವರಂಥೋರು," ಎಂದಳು ಹೊನ್ನಾಳಿಯ ನೆಂಟರಾಕೆ.

"ಅಪ್ಪ, ಜನರ ಮುಂದೆ ಏನಿದು, ಸಾಕು," ಎಂದು ಸಿದ್ದಲಿಂಗೇಶ್ ಕಿವಿಯಲ್ಲಿ ಗದರಿಸಿದ.

"ನಿಜ ಹೇಳ್ತಾ ಇದೀನಿ ಕಣೋ."

"ಆಯ್ತು, ನಿಜ. ನೀರು ಕುಡೀರಿ."

ಕಾರಿನ ಬಳಿ ಶಾಂತಲಾ ತಿಪ್ಪೇರುದ್ರನಿಗೆ ಗಟ್ಟಿಯಾಗಿ ಏನೋ ಹೇಳುತ್ತಿದ್ದಳು. ಹೊನ್ನಾಳಿ ದಾರಿಯಲ್ಲಿ ಇನ್ನೊಬ್ಬರು ಮದ್ದು ಕೊಡುತ್ತಾರೆಂದು ಯಾರೋ ಅವನ ಕಿವಿಗೆ ಹಾಕಿದ್ದರು. ಅವಳು ತನ್ನ ಗಂಡನನ್ನು ಕರೆದು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, "ಆಸ್ಪತ್ರೆ ಬಾಗಿಲ ತನಕ ಇಳೀಬ್ಯಾಡ್ರಿ," ಎಂದು ಬಾಗಿಲು ಹಾಕಿದಳು. ಅತ್ತೆಯ ಮಣ್ಣಿಗೆ ಅಳಿಯನಿಲ್ಲದೆ ಹೋದದ್ದು ಊರವರ ಬಾಯಲ್ಲಿ ಅಂದಿನ ಎರಡನೇ ಮಾತಾಯಿತು.

ಯಾರೋ ಕೊಟ್ಟ ಕಾಫಿಯ ಲೋಟ ಅಜ್ಜಮ್ಮನ ಕೈಯಲ್ಲಿ ಆರುತ್ತಿತ್ತು.

*

ಗುಂಡಿಯನ್ನು ಕಡೆಗೂ ಆಳುಗಳೇ ತೋಡಿದ್ದರು. ಒಳಗೆ ಮೂರು ಮೆಟ್ಟಿಲು, ಎದುರು ಗೋಡೆಯಲ್ಲಿ ಗೂಡು. ಸರ್ವಮಂಗಳಮ್ಮನನ್ನು ಗೂಡಿನಲ್ಲಿ ಕೂರಿಸಿ, ವಿಭೂತಿ, ಉಪ್ಪು, ಬಿಲ್ವಪತ್ರೆ ಸುರಿದರು. ಅಯ್ಯನವರು ಮೇಲೆ ಬಂದು ಮಣ್ಣು ಹಾಕಲು ಹೇಳಿದರು. ಮರುಳಪ್ಪ ಹಾಕಿದ, ಮಕ್ಕಳು ಹಾಕಿದರು. ಆಮೇಲೆ ಅವನು ಗುಂಡಿಯ ಬದಿಯ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟ. ಜನ ಒಬ್ಬೊಬ್ಬರೇ ಮಣ್ಣು ಹಾಕಿ, ಬಂದು ಅವನ ಕಾಲು ಮುಟ್ಟಿ ಹೋಗುತ್ತಿದ್ದರು. ಅವನು ಕಾಲು ಹಿಂದಕ್ಕೆಳೆದುಕೊಂಡ. ಅವರು ಬಗ್ಗಿ ಬಗ್ಗಿ ಮುಟ್ಟಿದರು.

ಅಜ್ಜಮ್ಮನ ಸರದಿ ಬಂತು. ಕೋಲನ್ನು ಲಕ್ಷ್ಮಮ್ಮನಿಗೆ ಕೊಟ್ಟು, ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡಳು. ಗುಂಡಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಳು. ಕೆಳಗೆ ಬಿಳಿ ಬಟ್ಟೆಯಲ್ಲಿ ಕೂತವಳ ನೆತ್ತಿಯಷ್ಟೇ ಕಾಣುತ್ತಿತ್ತು. ನೋಡಿ, ಮಣ್ಣು ಹಾಕದೆ, ಮುಷ್ಟಿ ಬಿಗಿಹಿಡಿದು ತಿರುಗಿದಳು. ಒಂದೊಂದೇ ಹೆಜ್ಜೆ ಇಟ್ಟು ಮರುಳಪ್ಪನ ಮುಂದೆ ಬಂದು ನಿಂತಳು. ಅವನ ಮುಖ ನೋಡುತ್ತ, ಅವನ ಬಿಳಿ ಪಂಚೆಯ ಮೇಲೆ ಮುಷ್ಟಿ ಬಿಚ್ಚಿದಳು. ಬೆರಳಿಗೆ ಅಂಟಿದ್ದನ್ನೂ ಅಲ್ಲೇ ಕೊಡವಿದಳು.

"ಅಯ್ಯೋ ಪಾಪ, ಅಜ್ಜಿಗೆ ಕಣ್ಣು ಕಾಣಲ್ಲ," ಎಂದ ನಿಂಗರಾಜ್, ಮಣ್ಣು ಕೊಡವಲೆಂದು ಓಡಿ ಬಂದು ಬಗ್ಗಿದ.

ಮರುಳಪ್ಪ ಮಣ್ಣು ಚೆಲ್ಲದ ಹಾಗೆ ಪಂಚೆಯ ಎರಡೂ ಅಂಚನ್ನು ಕೂಡಿಸಿ ಬಿಗಿಯಾಗಿ ಹಿಡಿದುಕೊಂಡ. ನಿಂಗರಾಜ್ ಬೆರಳು ಬಿಡಿಸಲು ನೋಡಿದ. ಬಿಡಿಸಲಾಗಲಿಲ್ಲ.